ಖಾಲಿ ವರಾಛಾದಲ್ಲಿ ಹಳೇ ಬೋರ್ಡಿನ ಮಾತು

ದೀಪಾವಳಿ ರಜೆಗೆ ವಜ್ರದ ಕಾರ್ಖಾನೆಗಳು ಬಾಗಿಲು ಹಾಕಿ, ಕೆಲಸಗಾರರು ಸೌರಾಷ್ಟ್ರದ ಊರುಗಳಿಗೆ ಹೊರಟರೆ ಸೂರತ್‌ನ ವರಾಛಾ ರಸ್ತೆಯ ಗುರುತೇ ಸಿಗುವುದಿಲ್ಲ. ಮಿನಿ ಬಜಾರ್‌ನಲ್ಲಿ ಪೊಟ್ಟಣ ಬಿಚ್ಚಿ ಹರಳು ನೋಡುವ ದಲಾಲರೂ ಇರಲಿಲ್ಲ. ಅಷ್ಟು ಖಾಲಿ ರಸ್ತೆ ಕಂಡಾಗ ಬೆಂಗಳೂರಿನಲ್ಲೇ ಬಿಟ್ಟುಬಂದ ಸ್ಕೇಟ್‌ಬೋರ್ಡ್ ನೆನಪಾಯಿತು.

ಅದಿಲ್ಲವಲ್ಲ, ಕಿವಿಗೆ ‘ದಿ ನೈನ್ ಕ್ಲಬ್’ ಹಾಕಿಕೊಂಡು ನಡೆದೆ. 2016ರಲ್ಲಿ ಕ್ರಿಸ್ ರಾಬರ್ಟ್ಸ್ ಶುರುಮಾಡಿದ ಈ ಅಮೆರಿಕನ್ ಪಾಡ್‌ಕಾಸ್ಟ್‌ನಲ್ಲಿ ಸ್ಕೇಟರ್‌ಗಳು ಗಂಟೆಗಟ್ಟಲೆ ಹರಟುತ್ತಾರೆ. ಹಳೇ ಬ್ರ್ಯಾಂಡುಗಳ ಮಾತೆತ್ತಿದರೆ ಮುಗಿಯುವುದೇ ಇಲ್ಲ. ಆ ಹೆಸರುಗಳ ಹಿಂದೆಯೂ ಕಥೆಗಳಿವೆ: ಮಾರ್ಕ್ ಗೊನ್ಸಾಲೆಸ್ ‘ವಿಷನ್’ ಕಂಪನಿ ಬಿಟ್ಟು 1989ರಲ್ಲಿ ತನ್ನದೇ ಬ್ರ್ಯಾಂಡ್ ಕಟ್ಟಿದಾಗ, ಅಣಕಿಸಲೆಂದೇ ಅದಕ್ಕೆ ‘ಬ್ಲೈಂಡ್’ ಎಂದು ಹೆಸರಿಟ್ಟ. ನೋಟಕ್ಕೆ ಎದುರಾಗಿ ಕುರುಡು!

ಬ್ರ್ಯಾಂಡಿನ ಹೆಸರು, ಚಿತ್ರ ಇರುವುದು ಬೋರ್ಡಿನ ಅಡಿಯಲ್ಲಿ. ಕಟ್ಟೆ, ಕಂಬಿಗಳ ಮೇಲೆ ಜಾರಿಸಿದಷ್ಟೂ ಅದು ಸವೆಯುತ್ತದೆ. ಚೆನ್ನಾಗಿ ಆಡಿದವರ ಬೋರ್ಡಿನಲ್ಲಿ ಹೆಸರೇ ಉಳಿಯುವುದಿಲ್ಲ. ಅದಕ್ಕೇ ಮಾತಿನಲ್ಲಿ ಉಳಿಸಿಕೊಳ್ಳುತ್ತಾರೇನೋ.

ನಮ್ಮಲ್ಲೂ ಹೇಳುವಂಥದ್ದಿದೆ. 2013ರಲ್ಲಿ ಹೋಲಿಸ್ಟೋಕ್ಡ್ ತಂಡ ಲೀವೈಸ್ ನೆರವಿನಿಂದ ಬೆಂಗಳೂರಿನಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿದಾಗ ಹೊರದೇಶದ ಸ್ಕೇಟರ್‌ಗಳೂ ಕೈಜೋಡಿಸಿದ್ದರು. ಆ ದಿನಗಳ ಬಗ್ಗೆ ಕನ್ನಡದಲ್ಲೂ ಯಾರಾದರೂ ಕೂತು ಕೇಳಬೇಕು.

ರಾತ್ರಿ ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. “ನಿನ್ನ ಮೊದಲನೇ ಬೋರ್ಡ್ ಯಾವುದೋ?” ಎಂದೆ. ಒಂದು ಗಂಟೆ ಮಾತಾಡಿದ.