ಕಿನ್ನಾಳದ ಗೊಂಬೆಯೂ ನಡೆಯುವ ಗೊಂಬೆಯೂ

ಕಿನ್ನಾಳದ ಮರದ ಗೊಂಬೆಗೆ ವಿಮಾನದಲ್ಲಿ ಯಾರ ಅಡ್ಡಿಯೂ ಇಲ್ಲ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹುಡುಗನೊಬ್ಬ ಇಂದು ಹವ್ಯಾಸಕ್ಕೆಂದು ಕಟ್ಟುವ ಯಂತ್ರದ ಗೊಂಬೆ ತಾನೇ ನಡೆಯುತ್ತದೆ. ಅದರ ಹೊಟ್ಟೆಯಲ್ಲಿ ಲಿಥಿಯಂ ಬ್ಯಾಟರಿ. ಸ್ಪರ್ಧೆಗಾಗಿ ಹುಬ್ಬಳ್ಳಿಯಲ್ಲಿ ವಿಮಾನವೇರುವಾಗ ಬಿಡಿ ಬ್ಯಾಟರಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಹುದುಗಿಸುವುದೇ ಕ್ಷೇಮವೆಂದು ತಂದೆಗೆ ತೋರುವುದು ಸಹಜ. ಅಪಾಯವಿರುವುದು ಅಲ್ಲಿಯೇ.

ತುದಿಗಳು ಒಂದಕ್ಕೊಂದು ತಾಗಿದರೆ ಬ್ಯಾಟರಿ ಕಾದು ಉರಿದೀತು. ಒಂದು ಕೋಶದ ಕಾವು ಮುಂದಿನದಕ್ಕೆ ಹಬ್ಬುತ್ತದೆ. ಕೈಚೀಲದಲ್ಲಿದ್ದರೆ ಸಿಬ್ಬಂದಿ ಕಂಡು ನೀರು ಸುರಿದಾರು; ಕೆಳಗಿನ ಸರಕುಕೋಣೆಯಲ್ಲಿ ಕಾಣುವವರಾರು? 2010ರ ಸೆಪ್ಟೆಂಬರ್ 3ರಂದು ಲಿಥಿಯಂ ಬ್ಯಾಟರಿಗಳ ಸರಕಿದ್ದ ವಿಮಾನವೊಂದು ಉರಿಯೆದ್ದು ದುಬೈಯಲ್ಲಿ ಬಿದ್ದಾಗ ಅದರ ಇಬ್ಬರು ಚಾಲಕರೂ ತೀರಿಕೊಂಡರು.

ಲೆಕ್ಕವೇನೂ ಕಠಿಣವಲ್ಲ. 11.1 ವೋಲ್ಟನ್ನು 2.2 ಆಂಪಿಯರ್-ಗಂಟೆಯಿಂದ ಗುಣಿಸಿದರೆ 24.4 ವಾಟ್-ಗಂಟೆ. 100ರವರೆಗೆ ವಿಶೇಷ ಅನುಮತಿ ಬೇಡ. 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಬಿಡಿಯಾಗಿ ಎರಡೇ. ತುದಿಗಳಿಗೆ ಟೇಪು ಸುತ್ತಿ ಒಂದೊಂದನ್ನೂ ಬೇರೆ ಚೀಲದಲ್ಲಿಡಬೇಕು. ಉಬ್ಬಿದ್ದನ್ನು ಒಯ್ಯಲೇಬಾರದು. ಮೇಲಿನ ಅಂಕಿ ಅಳಿಸಿದ್ದರೆ ತಪಾಸಣೆಯವರು ತಡೆದಾರು. ಆಗ ತಿಂಗಳುಗಟ್ಟಲೆಯ ದುಡಿಮೆಯೆಲ್ಲ ಸ್ಪರ್ಧೆಯ ಕಣದಲ್ಲಿ ಕಿನ್ನಾಳದ ಗೊಂಬೆಯಂತೆ ಸುಮ್ಮನೆ ನಿಂತೀತು.