ಓದು ಕಿವಿಯಿಂದ ಮೊದಲಾಗುವುದು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನದಲ್ಲಿ ಪರೀಕ್ಷೆಯ ಫಲಿತಾಂಶ, ಕಟ್ಟಡದ ವಿಸ್ತರಣೆ, ದಾನಿಗಳ ಔದಾರ್ಯ ಇವುಗಳ ಪ್ರಸ್ತಾಪವಿರುವುದು ವಾಡಿಕೆ. ಅವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇರುವುದರಿಂದ, ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ನಮ್ಮ ಪಾಠಶಾಲೆಯ ಅತ್ಯಂತ ಚಿಕ್ಕವರ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು. ಹತ್ತನೆಯ ತರಗತಿಯ ಬಾಲಿಕೆಯು ಎಡವುವ ಕಲ್ಲು ಎಷ್ಟೋ ಸಲ ಒಂದನೆಯ ತರಗತಿಯ ಹಾದಿಯಲ್ಲಿಯೇ ಬಿದ್ದಿರುತ್ತದೆ. ಅಂಥ ಕಲ್ಲೊಂದನ್ನು ಒಮ್ಮೆ ನಾವೇ ಇಟ್ಟೆವೆಂಬುದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಉಪಾಧ್ಯಾಯಿನಿಯರ ತರಬೇತಿಯನ್ನು ಆಗತಾನೆ ಮುಗಿಸಿ, ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಳೆಯ ಮಕ್ಕಳಿಗೆ ಪಾಠ ಹೇಳತೊಡಗಿದ್ದೆವು. ತರಗತಿಯಲ್ಲಿ ಏಳು ವರ್ಷದ ಒಬ್ಬ ಬಾಲಿಕೆಯಿದ್ದಳು. ಪುಸ್ತಕದಲ್ಲಿ ‘ಮನೆ’ ಎಂದಿದ್ದರೆ ‘ಮನಿ’ ಎನ್ನುವಳು. ‘ಶಾಲೆ’ ಎಂದಿದ್ದರೆ ‘ಸಾಲಿ’ ಎನ್ನುವಳು. ‘ಸೂರ್ಯ’ ಎಂಬುದನ್ನು ಬಹಳ ಹೊತ್ತು ದಿಟ್ಟಿಸಿ ‘ಸೂಯ್ರ’ ಎನ್ನುವಳು. ನಾವು ಎಲ್ಲರೆದುರಿಗೆ ತಿದ್ದಿದೆವು. ಮತ್ತೆ ತಿದ್ದಿದೆವು. ಕೆಲವು ದಿವಸಗಳಾದ ಮೇಲೆ ಆಕೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲತೊಡಗಿದಳು. ವರ್ಷದ ಕೊನೆಯ ವರದಿಯಲ್ಲಿ ‘ಗ್ರಹಣಶಕ್ತಿ ಮಂದ’ ಎಂದು ನಮ್ಮ ಕೈಯಾರೆ ಬರೆದೆವು.

ಅದೇ ದಿವಸಗಳಲ್ಲಿ ಒಂದು ಸಂಜೆ ಬೇವಿನ ಮರದ ಕೆಳಗೆ ಹುಡುಗಿಯರು ‘ಕ’ ಭಾಷೆಯನ್ನಾಡುತ್ತಿದ್ದರು. ಈ ಆಟವನ್ನು ನಮ್ಮ ಓದುಗರಲ್ಲಿ ಅರಿಯದವರು ವಿರಳ: ಪ್ರತಿಯೊಂದು ಅಕ್ಷರದ ಮುಂದೆಯೂ ‘ಕ’ ಸೇರಿಸಿ, ‘ನೀನು ಬಾ’ ಎಂಬುದನ್ನು ‘ಕನೀಕನು ಕಬಾ’ ಎನ್ನುವುದು. ಅವರೆಲ್ಲರಲ್ಲಿ ಅತಿ ವೇಗವಾಗಿ, ಒಂದು ತಪ್ಪೂ ಇಲ್ಲದೆ ಆಡುತ್ತಿದ್ದವಳು ನಮ್ಮ ‘ಮಂದಮತಿ’ಯೇ. ನಾವು ನಕ್ಕು ಮುಂದೆ ನಡೆದೆವು. ಕಣ್ಣೆದುರಿಗೆ ಕಂಡದ್ದರ ಅರ್ಥ ನಮಗಾಗಲಿಲ್ಲ.

ವರದಿಯನ್ನು ಕೊಂಡೊಯ್ಯಲು ಆಕೆಯ ತಾಯಿ ಬಂದಳು. ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಹಿಂದುಮುಂದಾಗಿ ತಿರುವಿ ನೋಡಿ, “ನಮಗ ಓದಾಕ ಬರಂಗಿಲ್ರೀ ಅಕ್ಕೋರ, ಏನ್ ಬರದೀರಿ, ನೀವೇ ಓದಿ ಹೇಳ್ರೀ” ಎಂದಳು. ಬರೆದದ್ದನ್ನು ಬಾಯಿಬಿಟ್ಟು ಓದಬೇಕಾಯಿತು. ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೋಬಾನ ಪದ ಒಮ್ಮೆ ಕೇಳಿದ್ರ ಸಾಕು, ಒಂದಕ್ಷರ ಬಿಡದಂಗ ಹಾಡ್ತಾಳ್ರೀ ಆಕಿ” ಎಂದಳು. ಮರುವಾರ ಆ ಕುಟುಂಬವು ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೊರಟಿತು. ಶಾಲೆ ಮತ್ತೆ ತೆರೆದಾಗ ಆ ಬಾಲಿಕೆಯ ಸ್ಥಳ ಬರಿದಾಗಿತ್ತು.

ಆ ತಾಯಿಯ ಮಾತು ನಮ್ಮ ತರಬೇತಿಗಿಂತ ಸತ್ಯಕ್ಕೆ ಹತ್ತಿರವಾಗಿತ್ತೆಂಬುದನ್ನು ಅರಿಯಲು ನಮಗೆ ಅನೇಕ ವರ್ಷಗಳು ಬೇಕಾದವು. ಅಕ್ಷರವನ್ನು ಕಾಣುವುದಕ್ಕೆ ಮುಂಚೆ ಅದನ್ನು ಕೇಳಬೇಕು. ಆಡಿದ ಮಾತು ಎಡೆಬಿಡದೆ ಹರಿಯುವ ನೀರಿನಂತಿರುತ್ತದೆ. ಅದನ್ನು ತುಂಡುತುಂಡಾಗಿ ಕೇಳಬಲ್ಲ ಕಿವಿಯೇ ಓದಿಗೆ ಆಧಾರ. ಮಗುವು ಮೊದಲು ಪ್ರಾಸವನ್ನು ಗುರುತಿಸುತ್ತದೆ. ಆಮೇಲೆ ‘ಕಮಲ’ ಎಂಬಲ್ಲಿ ಮೂರು ತುಂಡುಗಳಿವೆಯೆಂದು ಚಪ್ಪಾಳೆ ತಟ್ಟಿ ತೋರಿಸುತ್ತದೆ. ‘ಕ’ ಭಾಷೆಯನ್ನಾಡುವ ಮಗು ಇದನ್ನೇ ಮಾಡುತ್ತಿರುತ್ತದೆ. ನಮ್ಮ ಲಿಪಿಯಲ್ಲಿ ಒಂದೊಂದು ತುಂಡಿಗೆ ಒಂದೊಂದು ಅಕ್ಷರವಿರುವ ಕಾರಣ, ಆ ಆಟದಲ್ಲಿ ನಿಪುಣೆಯಾದವಳು ಓದಿನ ಮೊದಲ ಮೆಟ್ಟಿಲನ್ನು ಆಗಲೇ ಹತ್ತಿರುತ್ತಾಳೆ.

ಎರಡನೆಯ ಮೆಟ್ಟಿಲು ಕಡಿದಾದುದು. ‘ಕಮಲ’ದಲ್ಲಿ ಅಕ್ಷರಗಳು ಮೂರೇ ಆದರೂ ಧ್ವನಿಗಳು ಆರು: ಪ್ರತಿ ಅಕ್ಷರದೊಳಗೂ ಒಂದು ವ್ಯಂಜನ, ಒಂದು ಸ್ವರ. ಈ ಒಳಭೇದವು ಮಗುವಿನ ಕಿವಿಗೆ ತಾನಾಗಿ ಕೇಳಿಸುವುದಿಲ್ಲ. ಅದನ್ನು ಕಲಿಸುವುದು ಕಾಗುಣಿತ. ನಮ್ಮ ಸೀಮೆಯ ಹಿರಿಯರು ‘ಬಳ್ಳಿ’ ಎಂದು ಕರೆದದ್ದು. ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ರಾಗವಾಗಿ ಹೇಳುತ್ತ ಹೋದಂತೆ, ಮೂಲಾಕ್ಷರ ನಿಂತಲ್ಲಿಯೇ ನಿಂತು ಸ್ವರವೊಂದೇ ಬದಲಾಗುವುದು ಕಣ್ಣಿಗೂ ಕಿವಿಗೂ ಒಟ್ಟಿಗೆ ಗೋಚರವಾಗುತ್ತದೆ. ಕಾಲು, ಕೀಲು, ಕೋಲು ಎಂಬ ಮೂರು ಮಾತುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಇದು ಸ್ಪಷ್ಟವಾಗುವುದು.

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ಹಿರಿಯ ಬಾಲಿಕೆಯರೊಡನೆ ನೋಡಲು ಹೋಗಿದ್ದಾಗ, ಅದರ ಬ್ರಾಹ್ಮೀ ಲಿಪಿಯಲ್ಲಿ ‘ಕ’ ಎಂಬುದು ಕೂಡಿಸುವ ಗುರುತಿನಂತಿರುವುದೆಂದೂ, ಅದಕ್ಕೆ ಚಿಕ್ಕ ಗೆರೆಗಳನ್ನು ಹಚ್ಚಿ ಸ್ವರಗಳನ್ನು ಸೂಚಿಸುವರೆಂದೂ ತಿಳಿಸಿದೆವು. ಒಬ್ಬಳು, “ಹಾಗಾದರೆ ಇದೂ ಬಳ್ಳಿಯೇ” ಎಂದಳು. ಹೌದು, ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಬಂಡೆಯ ಲಿಪಿಯೇ ಬೆಳೆದು ಬೆಳೆದು ಇಂದಿನ ಕನ್ನಡ ಲಿಪಿಯಾಗಿದೆ.

ಇನ್ನು ಆ ಬಾಲಿಕೆಯ ‘ತಪ್ಪು’ಗಳನ್ನು ನೋಡೋಣ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಯಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಆದರೆ ಅರ್ಕಾವೊತ್ತನ್ನು ಯಕಾರದ ನಂತರ ಬರೆಯುತ್ತೇವೆ. ಆಕೆ ಕಣ್ಣಿಗೆ ಕಂಡ ಕ್ರಮವನ್ನು ನಂಬಿ ಓದಿದಳು. ಅದು ಮಂದಬುದ್ಧಿಯಲ್ಲ, ಶ್ರದ್ಧೆ. ‘ಮನಿ’ಯಾದರೋ ಓದಿನ ತಪ್ಪೇ ಅಲ್ಲ. ರಾಯಚೂರು ಸೀಮೆಯ ಆಡುಮಾತಿನಲ್ಲಿ ಮನೆಯು ಮನಿ, ಎಲೆಯು ಎಲಿ, ಕತೆಯು ಕತಿ. ಅಕ್ಷರವನ್ನು ನೋಡಿ, ಅರ್ಥವನ್ನು ಹಿಡಿದು, ತಾಯಿಯಿಂದ ಕಲಿತ ಮಾತಿನಲ್ಲಿ ಹೇಳಿದಳು. ಆಕೆ ಓದಿದ್ದಳು, ನಾವು ಕೇಳಲಿಲ್ಲ.

ಮನೆಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಎಂಬುದು ಈ ನೆಲಕ್ಕೆ ಹೊಸದಲ್ಲ. 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ಈ ಜಿಲ್ಲೆಯಲ್ಲಿ ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಿದರು. ಇಂದು ನಮ್ಮ ವಸತಿಗೃಹಕ್ಕೆ ಮಾನ್ವಿಯ ಕಡೆಯ ಕ್ಯಾಂಪುಗಳಿಂದ ತೆಲುಗು ಮನೆಮಾತಿನ ಮಕ್ಕಳೂ, ತಾಂಡಾಗಳಿಂದ ಲಂಬಾಣಿ ಮಕ್ಕಳೂ, ಪಟ್ಟಣದಿಂದ ಉರ್ದು ಮಾತಿನ ಮಕ್ಕಳೂ ಬರುತ್ತಾರೆ. ಒಬ್ಬೊಬ್ಬರ ಕಿವಿಯೂ ಬೇರೆ. ಹಳ್ಳಿಯ ಕನ್ನಡದ ಮಗುವಿಗೆ ‘ದನ’ಕ್ಕೂ ‘ಧನ’ಕ್ಕೂ ಭೇದ ಕೇಳಿಸುವುದು ಕಷ್ಟ; ಉರ್ದು ಮಾತಿನ ಮಗುವಿಗೆ ಅದು ಸುಲಭ, ಆದರೆ ‘ಹಳ್ಳಿ’ಯ ಳಕಾರದಲ್ಲಿ ತೊಡಕು. ಇವರನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ.

ಕಾಲಾವಧಿಯ ವಿಷಯವಾಗಿಯೂ ಒಂದು ಮಾತು. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಕೆಲವು ತಿಂಗಳುಗಳಲ್ಲಿ ಗುರುತಿಸಬಹುದು. ಕನ್ನಡದಲ್ಲಿ ವರ್ಣಮಾಲೆಯ 49 ಅಕ್ಷರಗಳಲ್ಲದೆ, 34 ವ್ಯಂಜನಗಳ ಕಾಗುಣಿತವೇ 400ಕ್ಕೂ ಮಿಕ್ಕಿರುವುದು. ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದೆಂದೂ, ಅಕ್ಷರದೊಳಗಿನ ಧ್ವನಿಗಳ ಅರಿವು ನಿಧಾನವಾಗಿ ಮೂಡುವುದೆಂದೂ ತೋರಿಸಿದೆ. ನಾವು ಏಳು ವರ್ಷದ ಮಗುವಿನ ಬುದ್ಧಿಯನ್ನು ಒಂದೇ ಸಾಲಿನಲ್ಲಿ ತೀರ್ಮಾನಿಸಿದ್ದೆವು.

ಈಗ ನಮ್ಮಲ್ಲಿ ನಡೆಯುವ ಕ್ರಮ ಹೀಗಿದೆ. ಹೊಸದಾಗಿ ಬಂದ ಮಕ್ಕಳ ಮುಂದೆ ಮೊದಲು ಪುಸ್ತಕವನ್ನಿಡುವುದಿಲ್ಲ, ಹುಣಸೆಬೀಜಗಳನ್ನಿಡುತ್ತೇವೆ. ಉಪಾಧ್ಯಾಯಿನಿಯು ಒಂದು ಮಾತನ್ನು ಹೇಳಿದರೆ ಮಗು ಅಕ್ಷರಕ್ಕೊಂದರಂತೆ ಬೀಜವನ್ನು ಸಾಲಾಗಿ ಇಡುವುದು. ಮೊದಲ ಬೀಜವನ್ನು ತೆಗೆದರೆ ಉಳಿದದ್ದೇನೆಂದು ಹೇಳುವುದು. ಆಮೇಲೆ ಅಕ್ಷರಗಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಂತೆ ರ, ಗ, ಸ, ದ, ಅ ಎಂದು ತೊಡಗಿದರೆ ಕೆಲವೇ ದಿವಸಗಳಲ್ಲಿ ಸರ, ಅರಸ, ಗರಗಸ ಎಂಬ ಮಾತುಗಳನ್ನು ಮಗು ತಾನೇ ಓದಿ ಹಿಗ್ಗುತ್ತದೆ. ‘ಮನಿ’ ಎಂದವಳಿಗೆ, “ಸರಿಯಾಗಿ ಓದಿದೆ, ಪುಸ್ತಕವು ಇದನ್ನು ಮನೆ ಎನ್ನುತ್ತದೆ” ಎಂದು ಹೇಳುತ್ತೇವೆ. ಗುಳೆ ಹೋಗಿ ತಿಂಗಳುಗಟ್ಟಲೆ ಕಳೆದುಕೊಂಡವಳನ್ನು ಬಿಟ್ಟ ಅಕ್ಷರದಿಂದಲೇ ಕೈಹಿಡಿದು ನಡೆಸುತ್ತೇವೆ. ‘ಮಂದ’ ಎಂಬ ಶಬ್ದವನ್ನು ವರದಿಯಲ್ಲಿ ಬರೆಯುವುದಿಲ್ಲ. ಇಷ್ಟಾದರೂ ಕೆಲವರಿಗೆ ಓದು ಕಷ್ಟವಾಗಿಯೇ ಉಳಿಯುವುದುಂಟು. ಅಂಥವರ ಕಿವಿ ಕಣ್ಣುಗಳನ್ನು ವೈದ್ಯರಿಂದ ಪರೀಕ್ಷಿಸಿ ಬೇರೆಯಾಗಿ ಕಾಲ ಕೊಡಬೇಕಾಗುತ್ತದೆ.

ಮಾತೆಯರಲ್ಲಿ ನಮ್ಮ ವಿನಂತಿಯೊಂದಿದೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ಅರ್ಧದಷ್ಟೂ ಇರಲಿಲ್ಲ. ಆದುದರಿಂದ “ನಮಗೇ ಓದಲು ಬಾರದು, ಮಗುವಿಗೇನು ಕಲಿಸಬಲ್ಲೆವು?” ಎಂದು ಅನೇಕ ತಾಯಂದಿರು ಸಂಕೋಚಪಡುತ್ತಾರೆ. ಓದಿನ ಮೊದಲ ಪಾಠಕ್ಕೆ ಪುಸ್ತಕ ಬೇಡ. ರೊಟ್ಟಿ ಬಡಿಯುವಾಗ ಒಂದು ಒಗಟು, ಮಲಗಿಸುವಾಗ ಒಂದು ಜೋಗುಳ, ಹತ್ತಿ ಬಿಡಿಸುವಾಗ ಒಂದು ಪದ. ಇವು ಮಗುವಿನ ಕಿವಿಯಲ್ಲಿ ಅಕ್ಷರಗಳಿಗೆ ಸ್ಥಳಮಾಡುತ್ತವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು ಬಹುಮಂದಿ. ಅವರಿಗೆ ನಮ್ಮ ಹಿತವಚನವಿಷ್ಟೇ: ತಿದ್ದುವುದಕ್ಕೆ ಮುಂಚೆ ಕೇಳಿರಿ.

ಆ ಬಾಲಿಕೆಯು ಈಗ ಎಲ್ಲಿರುವಳೋ ತಿಳಿಯದು. ಪ್ರಾಯಶಃ ಆಕೆಗೂ ಮಕ್ಕಳಿರಬಹುದು. ಆಕೆಯ ಮಗಳು ಒಂದು ದಿವಸ ನಮ್ಮ ಬಾಗಿಲಿಗೆ ಬಂದು, ಪುಸ್ತಕವನ್ನು ತೆರೆದು ‘ಮನಿ’ ಎಂದು ಓದಿದರೆ, ಹತ್ತಿರ ಕುಳ್ಳಿರಿಸಿಕೊಂಡು ಮುಂದಿನ ಸಾಲನ್ನೂ ಕೇಳುವೆವು.