ಪಳೆಯುಳಿಕೆಯಿಲ್ಲದ ಕೊರಕಲು ನೆಲ

ಕೋಲಾರ ಚಿನ್ನದ ಗಣಿ ಪ್ರದೇಶದ ಬೂದು ಮಿಶ್ರಿತ ಹಳದಿ ಗುಡ್ಡಗಳಿಗೆ ಕೆಜಿಎಫ್ ಜನ ಇಟ್ಟ ಹೆಸರು ಸೈನೈಡ್ ದಿಬ್ಬ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಹೋಗುವವರಿಗೆ ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಇವೇ. ಇವು ನೆಲದಿಂದ ಎದ್ದ ಗುಡ್ಡಗಳಲ್ಲ. ಆಳದಿಂದ ಎತ್ತಿದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಹೀರಿಕೊಂಡ ಮೇಲೆ ಉಳಿದ ಹುಡಿಯನ್ನು ಹೊರಗೆ ಸುರಿಯುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ತೆಗೆದ ಚಿನ್ನ ಸುಮಾರು 800 ಟನ್. ಉಳಿದ ಹುಡಿ 3 ಕೋಟಿ ಟನ್ನಿಗೂ ಮಿಕ್ಕು.

ಈ ಹುಡಿಯಲ್ಲಿ ಗಿಡ ಬೇರೂರುವುದು ಕಷ್ಟ. ಬೇರಿನ ಹಿಡಿತವಿಲ್ಲದ ಇಳಿಜಾರಿನ ಮೇಲೆ ಮಳೆ ಬಿದ್ದರೆ ನೀರು ಒಳಗಿಳಿಯುವುದಕ್ಕಿಂತ ಮೇಲೆಯೇ ಹರಿಯುವುದು ಹೆಚ್ಚು. ಬೆರಳಗಲದ ಗೀರುಗಳು ಕೂಡಿ ಕೊರಕಲಾಗುತ್ತವೆ, ಕೊರಕಲುಗಳ ನಡುವೆ ಉಳಿದ ಭಾಗ ಚೂಪಾದ ಏಣಾಗುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಡೈನೋಸಾರ್ ಉದ್ಯಾನದಲ್ಲಿ ಮೆತ್ತನೆಯ ಮರಳುಗಲ್ಲು, ಜೇಡಿಗಲ್ಲುಗಳನ್ನು ಮಳೆ ಕಡಿದಿರುವುದೂ ಇದೇ ರೀತಿ. ಅಲ್ಲಿ ಹಿಮಯುಗ ಮುಗಿದಂದಿನಿಂದ ಸಾವಿರಾರು ವರ್ಷ ನಡೆದ ಕೆಲಸ ಇಲ್ಲಿ ಒಂದು ಶತಮಾನದೊಳಗೆ ಕಣ್ಣೆದುರಿಗೇ ಆಗಿದೆ. ಸಿನಿಮಾದವರು ಈ ದಿಬ್ಬಗಳಿಗೆ ಕ್ಯಾಮೆರಾ ಹೊತ್ತು ಬಂದದ್ದು ಸುಮ್ಮನಲ್ಲ.

ಆದರೆ ಆಲ್ಬರ್ಟಾದಲ್ಲಿ ಮಣ್ಣು ಕೊಚ್ಚಿಹೋದಂತೆಲ್ಲ ಮೂಳೆ ಹೊರಬರುತ್ತದೆ. ಇಲ್ಲಿ ಎಷ್ಟು ಕೊಚ್ಚಿಹೋದರೂ ಹುಡಿಯ ಕೆಳಗೆ ಹುಡಿಯೇ. ಅರೆಯದೆ ಬಿಟ್ಟಿದ್ದರೂ ಮೂಳೆ ಸಿಗುತ್ತಿರಲಿಲ್ಲ. ಕೋಲಾರದ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಡೈನೋಸಾರ್‌ಗಳು ಬಂದು 23 ಕೋಟಿ ವರ್ಷವಾಗಿದೆ, ಅಷ್ಟೆ. ಕೋಲಾರದ ಶಿಲೆಗಳು ರೂಪುಗೊಂಡಾಗ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಅಂಥವು ಪದರ ಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟ್ ಬೇಕಿದ್ದರೆ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲನ್ನು ಹುಡುಕಿಕೊಂಡು ಹೋಗಬೇಕು.

ಕೆಜಿಎಫ್‌ನಲ್ಲಿ ಹಳೆಯದರ ಗುರುತು ಉಳಿದಿರುವುದು ಬೇರೆ ಬಗೆಯಲ್ಲಿ. ಸಮೀಪದ ಪೆದ್ದಪಳ್ಳಿಯ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನೀರಿನಡಿ ಉಕ್ಕಿದ ಲಾವಾ ಹೊರಮೈ ತಣಿದು ಉಂಡೆಯುಂಡೆಯಾಗಿ ಗಟ್ಟಿಯಾದ ದಿಂಬು ಲಾವಾ ಇಲ್ಲಿನದು. ಜೊತೆಗೆ ಜ್ವಾಲಾಮುಖಿ ಸ್ಫೋಟದಲ್ಲಿ ಸಿಡಿದು ಒಂದಕ್ಕೊಂದು ಬೆಸೆದ ಕಲ್ಲೂ ಇದೆ. ದಿಬ್ಬಗಳ ಮುಂದೆ ನೋಟಕ್ಕೆ ಇದು ಏನೇನೂ ಅಲ್ಲ. ಹತ್ತಿರ ಕೂತು ನೋಡಿದರೆ ಮಾತ್ರ ಕಪ್ಪು ಕಲ್ಲಿನ ಮೈಯಲ್ಲಿ ಬಿಳಿಚಿದ ಗ್ರಾನೈಟ್ ಜಾತಿಯ ತುಣುಕುಗಳು ಕಾಣುತ್ತವೆ. ಸ್ಫೋಟ ಅವನ್ನು ಕಿತ್ತು ತಂದಿದ್ದರೆ, ಆ ಗ್ರಾನೈಟ್ ನೆಲ ಅದಕ್ಕೂ ಮೊದಲೇ ಅಲ್ಲಿದ್ದಿರಲೇಬೇಕು. ಡೈನೋಸಾರ್ ಮೂಳೆ ಹೇಳುವುದು ಒಂದು ಪ್ರಾಣಿಯ ಸುದ್ದಿ. ಈ ತುಣುಕು ಹೇಳುವುದು ಕಾಣೆಯಾದ ಒಂದು ನೆಲದ ಸುದ್ದಿ.

ದಿಬ್ಬ ನೋಡಲು ಮಳೆಗಾಲ ಮುಗಿದ ಹೊತ್ತು ಒಳ್ಳೆಯದು. ಒಣಗಾಳಿಯ ದಿನಗಳಲ್ಲಿ ಹುಡಿ ಎದ್ದು ಸುತ್ತಲಿನ ಮನೆಗಳಿಗೇ ನುಗ್ಗುತ್ತದೆ. ಹೋದವರು ಮೂಗು, ಬಾಯಿ ಮುಚ್ಚಿಕೊಂಡಿರಬೇಕು, ಹುಡಿ ಮುಟ್ಟಿದ ಕೈಯನ್ನು ತೊಳೆಯದೆ ಬುತ್ತಿ ಬಿಚ್ಚಬಾರದು. ಪೆದ್ದಪಳ್ಳಿಗೆ ಯಾವ ಕಾಲವಾದರೂ ಸರಿ, ಸುತ್ತಿಗೆಯೊಂದನ್ನು ಮನೆಯಲ್ಲಿ ಬಿಟ್ಟು ಬಂದರೆ ಸಾಕು.